ಅತ್ತಮ್ಮನ ಪದಬಂಧ

ನಿವೃತ್ತಿಯಾದ ಮೂರನೇ ತಿಂಗಳಲ್ಲಿ ಒಂದು ಮಧ್ಯಾಹ್ನ ನಾನು ಅಕ್ಕಿ ಹಾಕದೆ ಕುಕ್ಕರ್ ಇಟ್ಟು ಮೂರು ಸಲ ಕೂಗಿಸಿದೆ. ಎಲ್ಲರೂ ಊಟಕ್ಕೆ ಕೂತಿದ್ದರು. ಎಲ್ಲರೂ ಅಂದರೆ ನಾನು, ನಮ್ಮ ಯಜಮಾನರು, ಅವರ ತಾಯಿ, ಮೂರೇ ಜನ. ಮುಚ್ಚಳ ತೆಗೆದರೆ ಒಳಗೆ ಬರೀ ನೀರು ಕುದಿಯುತ್ತಿತ್ತು. ಅತ್ತಮ್ಮ ಕತ್ತು ಚಾಚಿ ಒಳಗೆ ನೋಡಿ, "ನೀರು ಚೆನ್ನಾಗಿ ಬೆಂದೈತೆ, ಬಡಿಸಮ್ಮ" ಅಂದರು.

ನನಗೆ ನಿಜಕ್ಕೂ ಭಯವಾಯಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಹತ್ತನೇ ಕ್ಲಾಸಿನ ಪುಸ್ತಕದ ಯಾವ ಲೆಕ್ಕ ಯಾವ ಪುಟದಲ್ಲಿದೆ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ಈಗ ನೋಡಿದರೆ ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುತ್ತೇನೆ, ಫ್ರಿಜ್ಜಿನ ಬಾಗಿಲು ತೆಗೆದು ಯಾಕೆ ತೆಗೆದೆ ಅಂತ ಯೋಚಿಸುತ್ತಾ ನಿಲ್ಲುತ್ತೇನೆ. ಫೋನಿನಲ್ಲಿ ಮಗಳಿಗೆ ಹೇಳಿದೆ. ಅವಳು, "ಏನೂ ಆಗಿಲ್ಲಮ್ಮ, ತಲೆಗೆ ಕೆಲಸ ಇಲ್ಲ ಅಷ್ಟೇ. ಒಂದು ಬ್ರೇನ್ ಗೇಮ್ ಹಾಕ್ಕೊಡ್ತೀನಿ, ದಿನಾ ಆಡು" ಅಂದಳು. ಬಣ್ಣಬಣ್ಣದ ಚೆಂಡುಗಳನ್ನು ನೆನಪಿಟ್ಟುಕೊಳ್ಳುವ ಆಟ ಅದು. ಮೊದಲ ದಿನ ಹತ್ತು ನಿಮಿಷ ಆಡಿಸಿ, ಕೊನೆಗೆ ನನ್ನ ಮೆದುಳಿಗೆ ಎಪ್ಪತ್ತೆಂಟು ವರ್ಷ ಅಂತ ತೋರಿಸಿತು. ನನಗೆ ಆಗ ಅರವತ್ತು. ಅತ್ತಮ್ಮನಿಗೆ ಎಂಬತ್ತೆರಡು. ಇನ್ನೆರಡು ದಿನ ಆಡಿದರೆ ಅತ್ತೆಗಿಂತ ದೊಡ್ಡವಳಾಗಿಬಿಡುತ್ತೇನೆ ಅನ್ನಿಸಿ ಆ ಆಟವನ್ನೇ ಫೋನಿನಿಂದ ತೆಗೆದುಹಾಕಿದೆ.

ಆಮೇಲೆ ಹಿಡಿದದ್ದು ಪದಬಂಧ.

ನಮ್ಮದು ಶಿಡ್ಲಘಟ್ಟಕ್ಕೆ ಹತ್ತಿರದ ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ, ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಮನೆ, ಎರಡು ಹಸು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವಾಗ ಯಜಮಾನರು ಪೇಪರ್ ತರುತ್ತಾರೆ. ಮೊದಲೆಲ್ಲ ಅದನ್ನು ಅವರೇ ಓದಿ ಮುಗಿಸಿ, ಮಾರನೇ ದಿನ ಹುಳುವಿನ ತಟ್ಟೆಗೆ ಹಾಸಿಬಿಡುತ್ತಿದ್ದರು. ನಾನು ಪದಬಂಧ ಶುರುಮಾಡಿದ ಮೇಲೆ ಮನೆಯಲ್ಲಿ ಜಗಳ ಹುಟ್ಟಿತು. ಇವತ್ತಿನ ಪದಬಂಧದ ಉತ್ತರ ನಾಳೆ ಬರುತ್ತದೆ. ನಾಳೆ ಬಂದ ಉತ್ತರವನ್ನು ಇವತ್ತಿನ ಚೌಕದ ಮನೆಗಳಿಗೆ ಹೋಲಿಸಿ ನೋಡೋಣ ಅಂದರೆ ಅದರ ಮೇಲೆ ಆಗಲೇ ಹುಳು ಮಲಗಿ ಸೊಪ್ಪು ತಿನ್ನುತ್ತಿರುತ್ತವೆ. ಒಂದು ದಿನ ನಾನು ತಟ್ಟೆ ಪಕ್ಕದಲ್ಲಿ ಕೂತು, ಸೊಪ್ಪು ಸರಿಸಿ, ಹುಳುಗಳ ನಡುವೆ ಏಳನೇ ಸಾಲು ಹುಡುಕುತ್ತಿದ್ದೆ. ಯಜಮಾನರು ಬಾಗಿಲಲ್ಲಿ ನಿಂತು, "ಟೀಚರಮ್ಮ, ಹುಳಕ್ಕೆ ಪಾಠ ಹೇಳ್ತಿದೀರಾ?" ಅಂತ ಕೇಳಿದರು. ಅವತ್ತಿನಿಂದ ಪದಬಂಧ ಇರುವ ಹಾಳೆಯನ್ನು ಮುಟ್ಟಬಾರದು ಅಂತ ಕಟ್ಟುನಿಟ್ಟು ಮಾಡಿದೆ.

ಪದಗಳ ವಿಷಯದಲ್ಲಿ ನನಗೆ ಗರ್ವ ಇತ್ತು. ಲೆಕ್ಕವೇ ಬರುವಾಗ ಪದ ಬರುವುದಿಲ್ಲವೇ ಅಂದುಕೊಂಡಿದ್ದೆ. ಒಂದು ವಾರಕ್ಕೇ ಗೊತ್ತಾಯಿತು, ನಾನು ಹುಟ್ಟಿ ಬೆಳೆದದ್ದು ಚಿಕ್ಕಬಳ್ಳಾಪುರದ ಪೇಟೆಯಲ್ಲಿ, ಗುಮಾಸ್ತರ ಮಗಳಾಗಿ. ಹೊಲ, ಬಾವಿ, ಕೊಟ್ಟಿಗೆ, ಅಡುಗೆಮನೆಯ ಹಳೇ ಸಾಮಾನು ಇವುಗಳ ಹೆಸರು ಬಂದಲ್ಲೆಲ್ಲ ನನ್ನ ಮನೆಗಳು ಖಾಲಿ ಉಳಿಯುತ್ತಿದ್ದವು.

ಒಂದು ಬೆಳಿಗ್ಗೆ ಜಗುಲಿಯಲ್ಲಿ ಕೂತು ಒಂದೇ ಸುಳಿವನ್ನು ನಾಲ್ಕು ಸಲ ಗಟ್ಟಿಯಾಗಿ ಓದಿದೆ. "ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಸಾಧನ. ಮೂರಕ್ಷರ." ಏತ ಅಂದರೆ ಎರಡೇ ಅಕ್ಷರ. ರಾಟೆ ಅಂದರೂ ಎರಡೇ.

ಅತ್ತಮ್ಮ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅವರು ಚಿಂತಾಮಣಿಯ ಆಚೆ, ಆಂಧ್ರದ ಗಡಿ ಕಡೆಯವರು. ಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ಮನೆಯಲ್ಲಿ ನಮ್ಮ ಜೊತೆ ಕನ್ನಡ, ಹಸುವಿನ ಜೊತೆ ತೆಲುಗು.

"ಏತಕ್ಕೆ ಎತ್ತು ಯಾಕಮ್ಮ ಕಟ್ತಾರೆ?" ಅಂದರು. "ಏತ ಮನುಷ್ಯರು ತುಳಿಯೋದು. ಎತ್ತು ಕಟ್ಟೋದು ಕಪಿಲೆಗೆ."

ನಾನು ಬೆರಳು ಮಡಿಚಿದೆ. ಕ, ಪಿ, ಲೆ. ಮೂರು. ಅದೇ ಮನೆಯಿಂದ ಕೆಳಕ್ಕಿಳಿದಿದ್ದ 'ಕಮಲ'ದ ಕ ಸರಿಯಾಗಿ ಕೂತಿತ್ತು.

"ನಿಮಗೆ ಹೆಂಗೆ ಗೊತ್ತಾಯ್ತು ಅತ್ತಮ್ಮ?"

"ಹೆಂಗೆ ಗೊತ್ತಾಯ್ತು ಅಂದ್ರೆ? ನಾನು ಈ ಮನೆಗೆ ಬಂದಾಗ ಇಲ್ಲೇ ತೋಟದಲ್ಲಿ ಕಪಿಲೆ ಇತ್ತು. ನಿಮ್ ಮಾವ ಎತ್ತು ಹಿಂದಕ್ಕೆ ನಡೆಸ್ಕೊಂಡು ಪದ ಹಾಡೋರು. ರಾಗ ಒಂದೂ ಸರಿಗಿರ್ತಿರಲಿಲ್ಲ. ಎತ್ತು ಪಾಪ ಸಹಿಸ್ಕೊಂಡಿದ್ವು."

ಅವತ್ತು ನಾನು ಇನ್ನೂ ನಾಲ್ಕು ಸುಳಿವು ಓದಿದೆ. ಮೂರಕ್ಕೆ ಉತ್ತರ ಕೊಟ್ಟರು. ನಾಲ್ಕನೆಯದಕ್ಕೆ ಮಾತ್ರ ನಮಗೆ ಹೊಂದಾಣಿಕೆ ಆಗಲಿಲ್ಲ. "ಲಂಕೆಯ ದೊರೆ, ಮೂರಕ್ಷರ" ಅಂತ ಇತ್ತು. ನಾನು ಓದುತ್ತಲೇ 'ರಾವಣ' ಅಂತ ಬರೆಯತೊಡಗಿದೆ. ಅತ್ತಮ್ಮ, "ವಿಭೀಷಣ" ಅಂದರು.

"ಅದು ನಾಲ್ಕಕ್ಷರ ಅತ್ತಮ್ಮ."

"ಇರಲಿ. ರಾವಣ ಸತ್ತ. ಆಮೇಲೆ ಪಟ್ಟಕ್ಕೆ ಕೂತೋರು ಯಾರು?"

"ಮನೆ ಇರೋದೇ ಮೂರು."

"ಹಂಗಾದ್ರೆ ಮನೆ ಕಟ್ಟಿದೋನು ತಪ್ಪು ಮಾಡವ್ನೆ" ಅಂತ ಅವರೆಕಾಯಿಗೆ ಕೈ ಹಾಕಿದರು.

ಚೌಕಗಳಿಗೆ 'ಮನೆ' ಅನ್ನುವ ಹೆಸರು ಅವರು ಕೊಟ್ಟದ್ದಲ್ಲ, ನಾನೂ ಹಾಗೇ ಅನ್ನುತ್ತಿದ್ದೆ. ಆದರೆ ಕಪ್ಪು ಚೌಕಕ್ಕೆ 'ಬೀಗ ಹಾಕಿರೋ ಮನೆ' ಅಂತ ಹೆಸರಿಟ್ಟವರು ಅವರೇ. ಸುಳಿವು ಓದಿದ ತಕ್ಷಣ, "ಎಷ್ಟು ಮನೆ? ಬೀಗ ಎಲ್ಲೈತೆ?" ಅಂತ ಕೇಳುತ್ತಿದ್ದರು. ಅಕ್ಷರ ಬಾರದಿದ್ದರೂ ಅಕ್ಷರ ಎಣಿಸುವುದರಲ್ಲಿ ನನಗಿಂತ ಚುರುಕು. ಬಾಯಲ್ಲಿ ಹೇಳಿಕೊಂಡು ಹೆಬ್ಬೆರಳನ್ನು ಬೆರಳ ಗೆಣ್ಣಿನ ಮೇಲೆ ಜಾರಿಸುತ್ತಿದ್ದರು, ಲೆಕ್ಕ ಮುಗಿದುಹೋಗುತ್ತಿತ್ತು.

ಹತ್ತು ಹನ್ನೆರಡು ದಿನ ಹೀಗೆ ಚೆನ್ನಾಗಿ ನಡೆಯಿತು. ಒಂದು ದಿನ ನಾನು ಪೇಪರ್ ಹಿಡಿದು ಬಂದು ಸುಳಿವು ಓದಿದರೆ ಅವರು ಬಾಯಿ ಬಿಡಲಿಲ್ಲ. ಉತ್ತರ ಗೊತ್ತಿದೆ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು.

"ದಿನಾ ನಾನೇ ನಿನ್ನ ಆಟ ಆಡ್ಬೇಕಾ? ನೀನು ನನ್ನ ಆಟ ಆಡಲ್ವಾ?" ಅಂದರು.

ಅವರ ಆಟ ಚೌಕಾಬಾರ. ಜಗುಲಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದರು. ಕವಡೆ ಬದಲು ಒಂದು ಕಡೆ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಹುಣಸೆ ಬೀಜ, ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ ನಡೆಸುವುದು. ಕಾಯಿಗೆ ಅವರದು ಬಳೆಚೂರು, ನನ್ನದು ಅವರೆಕಾಳು. ನಮ್ಮ ಒಪ್ಪಂದ ಹೀಗಾಯಿತು: ಒಂದು ಆಟ ಮುಗಿದರೆ ಐದು ಸುಳಿವು.

ನಾನು ಗಣಿತದವಳು. ನಾಲ್ಕು ಬೀಜ ಎಸೆದರೆ ಹದಿನಾರು ರೀತಿಯಲ್ಲಿ ಬೀಳಬಹುದು, ಅದರಲ್ಲಿ ಆರು ಸಲ ಎರಡು ಬೀಳುತ್ತದೆ, ನಾಲ್ಕು ಬೀಳುವುದು ಒಂದೇ ಸಲ. ಈ ಲೆಕ್ಕ ಇಟ್ಟುಕೊಂಡು, ಹೊಡೆತಕ್ಕೆ ಸಿಗದ ಹಾಗೆ, ಅವರ ಕಾಯಿಗೆ ಎರಡು ಮನೆ ದೂರದಲ್ಲಿ ನನ್ನ ಕಾಯಿ ಎಂದೂ ನಿಲ್ಲಿಸುತ್ತಿರಲಿಲ್ಲ. ಅತ್ತಮ್ಮನಿಗೆ ಹದಿನಾರರ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲವಾದ್ದರಿಂದ ಅವರಿಗೆ ಮೇಲಿಂದ ಮೇಲೆ ನಾಲ್ಕೇ ಬೀಳುತ್ತಿತ್ತು. ಸಾಲದ್ದಕ್ಕೆ ಕಾಯಿ ನಡೆಸುವಾಗ, "ಒಕಟಿ, ರೆಂಡು, ಮೂಡು, ನಾಲುಗು" ಅಂತ ತೆಲುಗಿನಲ್ಲಿ ಜೋರಾಗಿ ಎಣಿಸುತ್ತಿದ್ದರು. ಬಾಯಿ ಎಣಿಸಿದ್ದಕ್ಕಿಂತ ಕೈ ಒಂದು ಮನೆ ಮುಂದೆ ಹೋಗಿರುತ್ತಿತ್ತು.

"ಅತ್ತಮ್ಮ, ಬಿದ್ದಿದ್ದು ನಾಲ್ಕು. ನೀವು ಐದು ಮನೆ ಹೋದ್ರಿ."

"ತೆಲುಗಲ್ಲಿ ಎಣಿಸಿದ್ರೆ ಹಂಗೇ ಬರೋದು" ಅಂದರು, ಮುಖದ ಒಂದು ಗೆರೆಯೂ ಅಲ್ಲಾಡದ ಹಾಗೆ.

ಮೂವತ್ತು ದಿನ ಆಡಿದೆವು ಅಂತ ಇಟ್ಟುಕೊಳ್ಳಿ, ಇಪ್ಪತ್ತಾರು ದಿನ ನಾನು ಸೋತಿದ್ದೇನೆ. ಆದರೆ ಈ ನಡುವೆ ಕುಕ್ಕರಿಗೆ ಅಕ್ಕಿ ಹಾಕುವುದನ್ನು ಒಂದು ದಿನವೂ ಮರೆಯಲಿಲ್ಲ. ಆಟದಲ್ಲಿ ಇವರು ಎಲ್ಲಿ ಮನೆ ಹಾರಿಸುತ್ತಾರೋ ಅಂತ ಕಣ್ಣಲ್ಲಿ ಕಣ್ಣಿಟ್ಟು ಕೂರುವ ಅಭ್ಯಾಸವಾಗಿ, ಅಡುಗೆಮನೆಯಲ್ಲೂ ಅದೇ ಎಚ್ಚರ ಬಂದಿರಬೇಕು.

ಒಂದು ದಿನ ಪೇಪರಿನ ಒಳಗೆ ಒಂದು ಕರಪತ್ರ ಇತ್ತು. ಚಿಕ್ಕಬಳ್ಳಾಪುರದಲ್ಲಿ ಹಿರಿಯರಿಗಾಗಿ ಪದಬಂಧ ಸ್ಪರ್ಧೆ, ಅರವತ್ತು ತುಂಬಿದವರು ಜೋಡಿಯಾಗಿ ಬರಬಹುದು ಅಂತ ಅದರಲ್ಲಿತ್ತು. ನಾನು ಸುಮ್ಮನೆ ಓದಿ ಹೇಳಿದೆ. ಅತ್ತಮ್ಮ, "ಜೋಡಿ ಅಂದ್ರೆ ಗಂಡ ಹೆಂಡ್ತೀನೇ ಆಗ್ಬೇಕಾ?" ಅಂತ ಕೇಳಿದರು. ಹಾಗೇನಿಲ್ಲ ಅಂದೆ. "ಸರಿ ಬಿಡು, ಹೋಗಣ" ಅಂದರು.

ಯಜಮಾನರೂ ಒಪ್ಪಿದರು. "ಹೋಗಿ ಬನ್ನಿ, ಅವತ್ತಿಗೆ ಹುಳು ಜ್ವರದಲ್ಲಿರ್ತವೆ, ಸೊಪ್ಪಿನ ಕೆಲಸ ಇರಲ್ಲ." ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಮುಟ್ಟದೆ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೇ ಜ್ವರ ಅನ್ನುವುದು.

ಅತ್ತಮ್ಮ ಮದುವೆಗೆ ಉಡುವ ಸೀರೆ ಉಟ್ಟು ಬಸ್ಸು ಹತ್ತಿದರು. ಸಭಾಂಗಣದಲ್ಲಿ ಹದಿನೈದಿಪ್ಪತ್ತು ಜೋಡಿಗಳಿದ್ದವು. ವೇದಿಕೆಯ ಮೇಲೆ ದೊಡ್ಡ ಬಿಳಿ ಹಲಗೆ, ಅದರ ಮೇಲೆ ಖಾಲಿ ಪದಬಂಧ. ನಡೆಸಿಕೊಡುವವರು ನಿವೃತ್ತ ಕನ್ನಡ ಮೇಷ್ಟ್ರು ಒಬ್ಬರು. ಪದಬಂಧವನ್ನು ತಾವೇ ಕೂತು ಹೆಣೆದದ್ದು ಅಂತ ಶುರುವಿನಲ್ಲೇ ಎರಡು ಸಲ ಹೇಳಿದರು. ಅವರು ಸುಳಿವು ಓದುವುದು, ಮೊದಲು ಕೈ ಎತ್ತಿದ ಜೋಡಿ ಉತ್ತರ ಹೇಳುವುದು, ಸರಿ ಇದ್ದರೆ ಹಲಗೆಯ ಮೇಲೆ ಬರೆಯುವುದು. ಇಷ್ಟೇ ನಿಯಮ.

ಗೌರಿಬಿದನೂರಿನಿಂದ ಇಬ್ಬರು ಅಕ್ಕತಂಗಿಯರು ಬಂದಿದ್ದರು, ಇಬ್ಬರದೂ ಒಂದೇ ಬಣ್ಣದ ಸೀರೆ. ಸುಳಿವು ಅರ್ಧ ಓದುವಾಗಲೇ ಅಕ್ಕ ಕೈ ಎತ್ತುತ್ತಿದ್ದರು, ತಂಗಿ ಉತ್ತರ ಹೇಳುತ್ತಿದ್ದರು. ಪುರಾಣದ ಹೆಸರು, ಸಂಸ್ಕೃತದ ಪದ ಎಲ್ಲ ಅವರ ಪಾಲಾಯಿತು. ನಮಗೆ ಬಂದವು ಒನಕೆ, ನೊಗ, ಕೂರಿಗೆ. ಪ್ರತಿ ಸಲವೂ ಅತ್ತಮ್ಮ ನನ್ನ ಕೈಯನ್ನು ತಾವೇ ಹಿಡಿದು ಮೇಲೆತ್ತುತ್ತಿದ್ದರು. ಅರ್ಧ ಗಂಟೆಯಲ್ಲಿ ಉಳಿದವರೆಲ್ಲ ಹಿಂದೆ ಬಿದ್ದು ನಾವೂ ಆ ಅಕ್ಕತಂಗಿಯರೂ ಸಮಸಮ ಆದೆವು.

ಆಗ ಮೇಷ್ಟ್ರು ಓದಿದರು. "ಎಡದಿಂದ ಬಲಕ್ಕೆ. ರೇಷ್ಮೆ ಹುಳು ಪೊರೆ ಬಿಡುವ ಮೊದಲು ಸೇರುವ ಸ್ಥಿತಿ. ಎರಡಕ್ಷರ."

ನನ್ನ ಕೈ ತಾನೇ ಮೇಲೆ ಹೋಯಿತು. ಅತ್ತಮ್ಮ ಎದ್ದು ನಿಂತು, "ಜ್ವರ" ಅಂದರು.

ಮೇಷ್ಟ್ರು ಕೈಯಲ್ಲಿದ್ದ ಹಾಳೆ ನೋಡಿದರು. "ಇಲ್ಲಮ್ಮ. ನಿದ್ದೆ."

"ನಿದ್ದೆ ಮಾಡೋರು ಎದ್ದ ಮೇಲೆ ಚರ್ಮ ಬಿಡ್ತಾರೇನಪ್ಪ?"

ಸಭೆಯಲ್ಲಿ ಯಾರೋ ನಕ್ಕರು. ಮೇಷ್ಟ್ರು ತಾಳ್ಮೆಯಿಂದಲೇ ಹೇಳಿದರು. "ಹುಳು ಅಲ್ಲಾಡದೆ ಕೂತಿರುತ್ತಲ್ಲಮ್ಮ, ಅದಕ್ಕೆ ನಿದ್ದೆ ಅಂತ ನಾನು ಪುಸ್ತಕದಲ್ಲಿ ನೋಡಿದೀನಿ."

"ಪುಸ್ತಕದಲ್ಲಿ ನೀವು ನೋಡಿದೀರಿ. ತಟ್ಟೇಲಿ ನಾನು ನೋಡಿದೀನಿ. ಒಂದನೇ ಜ್ವರ, ಎರಡನೇ ಜ್ವರ, ಮೂರನೇ ಜ್ವರ, ನಾಲ್ಕನೇ ಜ್ವರ. ನಾಲ್ಕೂ ಎದ್ದ ಮೇಲೇನೇ ಹುಳು ಹಣ್ಣಾಗಿ ಗೂಡು ಕಟ್ಟೋದು. ಈಗ್ಲೂ ನಮ್ಮನೇಲಿ ಜ್ವರದಲ್ಲವೆ, ಬೇಕಾದ್ರೆ ಬಂದು ಕೇಳಿ."

ಹಿಂದಿನ ಸಾಲಿನಲ್ಲಿ ನಮ್ಮ ತಾಲ್ಲೂಕಿನವರು ನಾಲ್ಕೈದು ಜನ ಇದ್ದರು. ಅವರಲ್ಲಿ ಒಬ್ಬರು ಎದ್ದು, "ಅಜ್ಜಿ ಹೇಳಿದ್ದು ಸರಿ ಸಾರ್, ನಾವೆಲ್ಲ ಜ್ವರ ಅಂತಾನೇ ಅನ್ನೋದು" ಅಂದರು. ನನಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ನೆಲದೊಳಗೆ ಇಳಿದುಹೋಗೋಣ ಅನ್ನುವಷ್ಟು ನಾಚಿಕೆ. ಅತ್ತಮ್ಮನ ಸೆರಗು ಹಿಡಿದು ಎಳೆದೆ. ಅವರು ಸೆರಗನ್ನು ನನ್ನ ಕೈಯಿಂದ ಬಿಡಿಸಿಕೊಂಡು ಸೊಂಟಕ್ಕೆ ಸಿಕ್ಕಿಸಿದರು.

ಮೇಷ್ಟ್ರಿಗೆ ಸಂಕಟವಾಯಿತು. "ಅಮ್ಮ, ನೀವು ಹೇಳೋದು ಒಪ್ತೀನಿ. ಆದ್ರೆ ಇಲ್ಲಿ ಜ್ವರ ಬರೆದ್ರೆ ಮೇಲಿನಿಂದ ಬರೋ ಗದ್ದೆ ಹಾಳಾಗಿಹೋಗುತ್ತೆ" ಅಂದರು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಆ ಸುಳಿವನ್ನು ಇನ್ನೂ ಕೇಳಿಯೇ ಇರಲಿಲ್ಲ. ಉತ್ತರ ಅವರ ಬಾಯಿಂದಲೇ ಹೊರಗೆ ಬಿದ್ದಿತ್ತು. ಸಭೆ ಗೊಳ್ ಅಂತ ನಕ್ಕಿತು.

ನಗು ನಿಂತ ಮೇಲೆ ಅತ್ತಮ್ಮ ನನ್ನನ್ನು ಕೇಳಿದರು. "ಗದ್ದೆ ಹೋದ್ರೆ ಅಲ್ಲಿ ಏನು ಉಳಿಯುತ್ತೆ?"

ನಾನು ಹಲಗೆ ನೋಡಿದೆ. ಮೇಲಿನ ಸಾಲಿನಲ್ಲಿ ಗಡಿಯಾರ ಅಂತ ಆಗಲೇ ಬರೆದಾಗಿತ್ತು. ಅದರ ಗ ಕೆಳಗೆ ನಿದ್ದೆಯ ದ್ದೆ ಕೂರಬೇಕು, ಅದು ಗದ್ದೆ. ಜ್ವರ ಬರೆದರೆ ಗ ಕೆಳಗೆ ರ ಬರುತ್ತದೆ. "ಗ, ರ. ಗರ" ಅಂದೆ.

"ಸರಿಹೋಯ್ತಲ್ಲ. ಗರ ಅನ್ನೋದು ಇಲ್ವಾ? ಚೌಕಾಬಾರದಲ್ಲಿ ಬೀಜ ಹಾಕಿದ್ರೆ ಬೀಳೋದು ಏನು? ಗರ ತಾನೇ?"

ಮೇಷ್ಟ್ರು ಹಲಗೆಯ ಹತ್ತಿರ ಹೋದರು. ಬೆರಳಿಟ್ಟು ಎಡಕ್ಕೆ ನೋಡಿದರು, ಕೆಳಕ್ಕೆ ನೋಡಿದರು. ಆಮೇಲೆ ತಿರುಗಿದಾಗ ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. "ಇದನ್ನ ಹೆಣೆಯೋಕೆ ನನಗೆ ಹದಿನೈದು ದಿನ ಹಿಡೀತು. ನೀವು ಎರಡು ನಿಮಿಷದಲ್ಲಿ ಬಿಚ್ಚಿ ಮತ್ತೆ ಕಟ್ಟಿಬಿಟ್ರಲ್ಲಮ್ಮ" ಅಂತ ಹೇಳಿ, ತಮ್ಮ ಕೈಯಾರೆ 'ಜ್ವರ' ಅಂತ ಬರೆದರು. ಅತ್ತಮ್ಮ ಇದು ದೊಡ್ಡ ಸಂಗತಿ ಏನಲ್ಲ ಅನ್ನುವ ಹಾಗೆ ಕೂತು ಸೆರಗಿನ ಗಂಟಿನಿಂದ ಎಲೆಅಡಿಕೆ ತೆಗೆದರು.

ಇಲ್ಲಿಗೆ ನಿಲ್ಲಿಸಿದ್ದರೆ ನಾನೂ ತಲೆ ಎತ್ತಿಕೊಂಡು ಊರಿಗೆ ಬರಬಹುದಿತ್ತು. ಕೊನೆಯ ಪದ ತುಂಬುವ ಹೊತ್ತಿಗೆ ಗೌರಿಬಿದನೂರಿನವರೂ ನಾವೂ ಮತ್ತೆ ಸಮಸಮ ಆಗಿದ್ದೆವು. ಗೆದ್ದವರು ಯಾರು ಅಂತ ತೀರ್ಮಾನಿಸಲು ಮೇಷ್ಟ್ರು ಒಂದು ಬಾಯಿಲೆಕ್ಕ ಕೇಳುತ್ತೇನೆ ಅಂದರು. ಲೆಕ್ಕ ಅಂದ ತಕ್ಷಣ ನಾನು ಅತ್ತಮ್ಮನ ಕಿವಿಯಲ್ಲಿ, "ಗೆದ್ವಿ ಅಂದ್ಕೊಳಿ" ಅಂದೆ.

"ಮೂರು ಹಸು ಮೂರು ದಿನಕ್ಕೆ ಮೂರು ಹೊರೆ ಹುಲ್ಲು ತಿಂತವೆ. ಆರು ಹಸು ಆರು ದಿನಕ್ಕೆ ಎಷ್ಟು ಹೊರೆ ತಿಂತವೆ?"

ಕೈ ಎತ್ತಿ, "ಆರು" ಅಂದೆ.

ಅಂದ ಮರುಕ್ಷಣವೇ ತಪ್ಪು ಗೊತ್ತಾಯಿತು. ಇದೇ ಜಾತಿಯ ಲೆಕ್ಕವನ್ನು ಪ್ರತಿ ವರ್ಷ ಎಂಟನೇ ಕ್ಲಾಸಿಗೆ ಕೊಟ್ಟು, ಆರು ಅಂದ ಮಕ್ಕಳನ್ನು ಎದ್ದು ನಿಲ್ಲಿಸಿ, "ಅವಸರ ಮಾಡಬೇಡಿ, ಒಂದು ಹಸುಗೆ ಎಷ್ಟು ಅಂತ ಮೊದಲು ನೋಡಿ" ಅಂತ ಹೇಳಿದವಳು ನಾನು. ಗೌರಿಬಿದನೂರಿನ ತಂಗಿ ನಿಧಾನವಾಗಿ ಬೆರಳು ಎಣಿಸಿ, "ಹನ್ನೆರಡು" ಅಂದರು. ಚಪ್ಪಾಳೆ ಬಿತ್ತು.

ಅತ್ತಮ್ಮ ನನ್ನ ಕಡೆ ತಿರುಗಿ ನೋಡಿದರು. ಬೈಯಲಿಲ್ಲ. "ಎರಡು ಹಸು ಕಟ್ಟಿರೋ ಮನೆ ಸೊಸೆ ನೀನು. ಪಾಪ, ನಮ್ಮ ಹಸು ಇನ್ಮೇಲೆ ಅರ್ಧ ಹೊಟ್ಟೇಲೇ ಇರ್ಬೇಕೇನೋ" ಅಂದರು, ಅಷ್ಟೇ.

ಮೊದಲ ಬಹುಮಾನ ಸ್ಟೀಲಿನ ದೊಡ್ಡ ಡಬ್ಬಿಗಳ ಸೆಟ್ಟು. ಎರಡನೆಯದು, ಬಣ್ಣದ ಕಾಗದ ಸುತ್ತಿದ ಒಂದು ಪುಸ್ತಕ. ಬಸ್ಸಿನಲ್ಲಿ ಬಿಚ್ಚಿದರೆ ಸುಡೋಕು ಪುಸ್ತಕ. ಅತ್ತಮ್ಮ ಡಬ್ಬಿ ತಪ್ಪಿದ್ದಕ್ಕೆ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ಕಿಟಕಿ ಕಡೆ ನೋಡುತ್ತಿದ್ದರು. ನಾನು ಅವರನ್ನು ಸಮಾಧಾನ ಮಾಡಲು, "ಅತ್ತಮ್ಮ, ಅಕ್ಷರ ಕಲೀತೀರಾ? ನಾನು ಹೇಳ್ಕೊಡ್ತೀನಿ. ಆಮೇಲೆ ಪೇಪರ್ ನೀವೇ ಓದಬಹುದು" ಅಂದೆ. ಇದು ಬಹಳ ದಿನದಿಂದ ನನ್ನ ಮನಸ್ಸಿನಲ್ಲಿತ್ತು.

ಅವರು ಯೋಚನೆ ಕೂಡ ಮಾಡಲಿಲ್ಲ. "ಬೇಡಮ್ಮ. ನಾನೂ ಕಲ್ತುಬಿಟ್ರೆ ಇಬ್ರೂ ಒಂದೊಂದು ಹಾಳೆ ಹಿಡ್ಕೊಂಡು ಒಂದೊಂದು ಮೂಲೇಲಿ ಕೂರ್ತೀವಿ. ಈಗ ನೀನು ಓದ್ತೀಯ, ನಾನು ಕೇಳ್ತೀನಿ. ಚೆನ್ನಾಗೈತೆ, ಚಾಲು, ಇಷ್ಟು ಸಾಕು."

ಆ ಮಾತು ನನಗೆ ಎಷ್ಟು ಇಷ್ಟವಾಯಿತೆಂದರೆ ಮುಂದಿನ ವಾರವೆಲ್ಲ ಅದನ್ನು ಮಗಳಿಗೆ, ಪಕ್ಕದ ಮನೆಯವರಿಗೆ, ಡೇರಿಯ ಹತ್ತಿರ ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದೆ.

ಸುಡೋಕು ಪುಸ್ತಕವನ್ನು ನಾನು ಒಂದು ದಿನ ಜಗುಲಿಯಲ್ಲಿ ಬಿಟ್ಟು ಒಳಗೆ ಹೋಗಿದ್ದೆ. ಬಂದು ನೋಡಿದರೆ ಅತ್ತಮ್ಮ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದರು. ಅಕ್ಷರ ಬಾರದಿದ್ದರೂ ಅವರಿಗೆ ಅಂಕಿ ಬರುತ್ತದೆ ಅನ್ನುವುದು ನನಗೆ ಆ ಹೊತ್ತಿನವರೆಗೆ ಹೊಳೆದಿರಲಿಲ್ಲ. ಹುಳು ಎಷ್ಟನೇ ದಿನದ್ದು ಅಂತ ಪ್ರತಿ ಬೆಳಿಗ್ಗೆ ಹುಳುಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುವವರು ಅವರೇ.

"ಇದೇನಮ್ಮ, ಬರೀ ಮನೆ, ಬೀಗ ಒಂದೂ ಇಲ್ಲ?"

ನಾನು ಖುಷಿಯಿಂದ ಪಕ್ಕದಲ್ಲಿ ಕೂತು ನಿಯಮ ಹೇಳಿಕೊಟ್ಟೆ. ಅಡ್ಡಸಾಲಿನಲ್ಲಿ ಒಂದರಿಂದ ಒಂಬತ್ತು, ಉದ್ದಸಾಲಿನಲ್ಲಿ ಒಂದರಿಂದ ಒಂಬತ್ತು, ಈ ಸಣ್ಣ ಅಂಗಳದೊಳಗೂ ಒಂದರಿಂದ ಒಂಬತ್ತು. ಒಂದು ಅಂಕಿ ಎರಡು ಸಲ ಬರಕೂಡದು. ಒಂದು ಸಲ ಕೇಳಿದರು. ಪೆನ್ಸಿಲ್ ಕೊಡು ಅಂದರು. ಮೊದಲ ಪುಟ ಮುಗಿಸಲು ಅವರಿಗೆ ನಾಲ್ಕು ದಿನ ಹಿಡಿಯಿತು. ಎರಡನೆಯದಕ್ಕೆ ಎರಡು ದಿನ. ಇಲ್ಲಿ ಮನೆ ಹಾರಿಸಲು ಯಾವ ದಾರಿಯೂ ಇಲ್ಲ ಅನ್ನುವುದು ಅವರಿಗೆ ಶುರುವಿನಲ್ಲಿ ಬೇಸರ ತಂದಿತು, ಆಮೇಲೆ ಹಟ ಬಂತು. ಯಜಮಾನರು ಎರಡನೇ ಪುಸ್ತಕ ತಂದುಕೊಟ್ಟರು. ಜೊತೆಗೆ ರಬ್ಬರ್ ಅಂಟಿಸಿದ ಪೆನ್ಸಿಲ್ಲನ್ನೂ ತಂದರು.

ಈಗ ಬೆಳಿಗ್ಗೆ ಜಗುಲಿಯಲ್ಲಿ ನಾನು ಪೇಪರ್ ಹಿಡಿದು ಸುಳಿವು ಓದುತ್ತೇನೆ. ಉತ್ತರ ಬರುವುದಿಲ್ಲ. ಇನ್ನೊಂದು ಸಲ ಜೋರಾಗಿ ಓದುತ್ತೇನೆ. ಅತ್ತಮ್ಮ ತಲೆ ಎತ್ತದೆ ಎಡಗೈ ಮಾತ್ರ ಬೀಸುತ್ತಾರೆ.

"ತಾಳಮ್ಮ, ಈ ಅಂಗಳದಲ್ಲಿ ಏಳು ಎಲ್ಲೋ ಬಚ್ಚಿಟ್ಕೊಂಡೈತೆ. ನಿಂದು ಆಮೇಲೆ."

ನಿನ್ನೆಯ ಪದಬಂಧದಲ್ಲಿ ನನಗೆ ಇನ್ನೂ ಆರು ಮನೆ ಖಾಲಿ ಇವೆ. ಯಜಮಾನರು ಆಗಲೇ ಎರಡು ಸಲ ಬಂದು, ಹಾಳೆ ಬಿಡುವಾಯಿತಾ, ತಟ್ಟೆಗೆ ಬೇಕು ಅಂತ ಕೇಳಿಹೋದರು.